ತರ್ಜುಮೆಯ ತರಗತಿ ಯಾರಿಗಾಗಿ?

ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. 50 ಸಾವಿರ ಪೌಂಡುಗಳ ಬಹುಮಾನವನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುವುದು ಆ ಪ್ರಶಸ್ತಿಯ ನಿಯಮ. ಪುಸ್ತಕದ ಒಳಪುಟದ ಸಣ್ಣ ಅಕ್ಷರಗಳಲ್ಲಿ ಅಡಗಿಕೊಳ್ಳುತ್ತಿದ್ದ ಅನುವಾದಕರ ಹೆಸರಿಗೆ ಇದರಿಂದ ದೊಡ್ಡ ಮನ್ನಣೆ ಸಿಕ್ಕಿತು. ಅನುವಾದವೂ ಕಲಿಯಬೇಕಾದ ಒಂದು ವಿದ್ಯೆ ಎಂಬ ಮಾತಿಗೆ ಈಗ ಕೇಳುವ ಕಿವಿಗಳಿವೆ. ಸಂತೋಷದ ಸಂಗತಿ.

ಆದರೆ ಅನುವಾದ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕತೆ, ಕವಿತೆ, ಕಾದಂಬರಿ ಮಾತ್ರ. ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ, ಕೋರ್ಟಿನ ಪಡಸಾಲೆಯಲ್ಲಿ, ತಹಶೀಲ್ದಾರರ ಕಚೇರಿಯಲ್ಲಿ, ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ದಿನವೂ ನಡೆಯುವ ಅನುವಾದಕ್ಕೆ ಪ್ರಶಸ್ತಿ ಇಲ್ಲ, ಸಂಭಾವನೆ ಇಲ್ಲ. ಅದನ್ನು ಮಾಡುವವರಲ್ಲಿ ಹೆಚ್ಚಿನವರು ಮಕ್ಕಳು. ಇವರಿಗೆ ಕಲಿಸುವವರು ಯಾರು? ಈ ಪ್ರಶ್ನೆಗೆ ಒಂದು ಬಗೆಯ ಉತ್ತರ ಕೊಟ್ಟಿರುವುದು ಅಮೆರಿಕದ ಕಮ್ಯುನಿಟಿ ಕಾಲೇಜುಗಳು. ಆ ಉತ್ತರದ ಗುಣವನ್ನೂ ದೋಷವನ್ನೂ ನೋಡಿ, ಉರ್ದು ಮತ್ತು ಕನ್ನಡ ಎರಡರಲ್ಲೂ ಬದುಕುವ ನಮಗೆ ಅದರಿಂದ ದಕ್ಕುವುದೇನು ಎಂದು ವಿಚಾರಿಸುವುದು ಇಲ್ಲಿನ ಉದ್ದೇಶ.

ಎರಡು ವರ್ಷದ ಕಾಲೇಜು

ಅಮೆರಿಕದಲ್ಲಿ ಈ ಬಗೆಯ ಕಾಲೇಜುಗಳ ಕತೆ 1901ರಲ್ಲಿ, ಷಿಕಾಗೋ ಸಮೀಪದ ಜೋಲಿಯೆಟ್ ಎಂಬಲ್ಲಿ ಆರಂಭವಾಗುತ್ತದೆ. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಉನ್ನತ ಶಿಕ್ಷಣ ಆಯೋಗದ ವರದಿ 'ಕಮ್ಯುನಿಟಿ ಕಾಲೇಜು' ಎಂಬ ಹೆಸರನ್ನು ಬಳಕೆಗೆ ತಂದಿತು. ಇಂದು ಅಂಥವು ಸುಮಾರು ಸಾವಿರ ಇವೆ. ಎರಡು ವರ್ಷದ ಪದವಿ, ಅದಕ್ಕಿಂತ ಕಡಿಮೆ ಅವಧಿಯ ಸರ್ಟಿಫಿಕೇಟ್ ಕೋರ್ಸು, ದೊಡ್ಡ ವಿಶ್ವವಿದ್ಯಾಲಯಗಳಿಗಿಂತ ಕಡಿಮೆ ಶುಲ್ಕ, ಅಂಕಗಳ ಜರಡಿ ಹಿಡಿಯದ ಪ್ರವೇಶ, ಕೆಲಸ ಮುಗಿಸಿ ಬಂದವರಿಗೆ ಸಂಜೆಯ ತರಗತಿ. ನರ್ಸಿಂಗ್, ಮೋಟಾರು ರಿಪೇರಿ, ಲೆಕ್ಕಪತ್ರ ಕಲಿಸುವ ಅದೇ ಕಟ್ಟಡಗಳಲ್ಲಿ ಕೆಲವು ಕಡೆ ಅನುವಾದವನ್ನೂ ಕಲಿಸುತ್ತಾರೆ.

ಎಲ್ಲಿ ಕಲಿಸುತ್ತಾರೆ ಎಂಬುದನ್ನು ಗಮನಿಸಿದರೆ ಏಕೆ ಎಂಬುದೂ ತಿಳಿಯುತ್ತದೆ. ಕ್ಯೂಬಾದಿಂದ ಬಂದವರು ತುಂಬಿರುವ ಮಯಾಮಿಯ ಮಯಾಮಿ ಡೇಡ್ ಕಾಲೇಜಿನಲ್ಲಿ. ಮೆಕ್ಸಿಕೋ ಗಡಿಗೆ ಹತ್ತಿರದ ಟೂಸಾನ್ ನಗರದ ಪೀಮಾ ಕಾಲೇಜಿನಲ್ಲಿ. ಚೀನೀ ಭಾಷಿಕರು ತಲೆಮಾರುಗಳಿಂದ ನೆಲೆಸಿರುವ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿನಲ್ಲಿ. ಈ ಮೂರನೆಯದರಲ್ಲಿ ಆಸ್ಪತ್ರೆಗಳಿಗೆಂದೇ ದುಭಾಷಿಗಳನ್ನು ತಯಾರು ಮಾಡುವ ಕೋರ್ಸು ಇದೆ. ತರಗತಿಗಳು ಹುಟ್ಟಿದ್ದು ಎರಡು ಭಾಷೆಯ ಜನ ದಿನವೂ ಮುಖಾಮುಖಿಯಾಗುವ ಊರುಗಳಲ್ಲಿ ಎಂಬುದು ಗಮನಾರ್ಹ.

ಇದರ ಹಿಂದೆ ಕಾನೂನಿನ ಒತ್ತಡವೂ ಇತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆ, ಸರಕಾರದ ಹಣ ಪಡೆಯುವ ಸಂಸ್ಥೆಗಳು ರಾಷ್ಟ್ರ ಮೂಲದ ಆಧಾರದ ಮೇಲೆ ತಾರತಮ್ಯ ಮಾಡಬಾರದೆಂದಿತು. ಇಂಗ್ಲಿಷ್ ಬಾರದ ಚೀನೀ ಮಕ್ಕಳನ್ನು ಇಂಗ್ಲಿಷ್ ತರಗತಿಯಲ್ಲಿ ಸುಮ್ಮನೆ ಕೂರಿಸುವುದು ಈ ಕಾಯ್ದೆಗೆ ವಿರುದ್ಧ ಎಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಒಂದು ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1974ರಲ್ಲಿ ತೀರ್ಪು ಕೊಟ್ಟಿತು. 1978ರಲ್ಲಿ ಕೋರ್ಟುಗಳ ದುಭಾಷಿಗಳಿಗಾಗಿಯೇ ಪ್ರತ್ಯೇಕ ಕಾಯ್ದೆ ಬಂತು. ತುರ್ತು ಸಂದರ್ಭದ ಹೊರತು ಅಪ್ರಾಪ್ತ ಮಕ್ಕಳನ್ನು ಆಸ್ಪತ್ರೆಯಲ್ಲಿ ದುಭಾಷಿಗಳಾಗಿ ಬಳಸಕೂಡದು ಎಂಬ ನಿಯಮ 2016ರಲ್ಲಿ ಬಂತು. ಹಕ್ಕು ಮೊದಲು, ಉದ್ಯೋಗ ಆಮೇಲೆ, ತರಗತಿ ಕೊನೆಗೆ ಎಂಬ ಕ್ರಮ ಇದರಲ್ಲಿ ಕಾಣುತ್ತದೆ.

ಒಂದು ಪದದ ಬೆಲೆ

ಈ ತರಗತಿಗಳಲ್ಲಿ ಮತ್ತೆ ಮತ್ತೆ ಹೇಳಲಾಗುವ ಒಂದು ಘಟನೆ ಇದೆ. 1980ರಲ್ಲಿ ಫ್ಲಾರಿಡಾದ ಆಸ್ಪತ್ರೆಯೊಂದಕ್ಕೆ ಪ್ರಜ್ಞೆ ತಪ್ಪಿದ 18 ವರ್ಷದ ಯುವಕನನ್ನು ತಂದರು. ಮನೆಯವರು ಸ್ಪ್ಯಾನಿಷ್ ಭಾಷಿಕರು. ಅವರು ಬಳಸಿದ ಪದ 'ಇಂತೋಕ್ಸಿಕಾದೋ'. ಕ್ಯೂಬಾದವರ ಮಾತಿನಲ್ಲಿ ಇದರರ್ಥ, ತಿಂದದ್ದೋ ಕುಡಿದದ್ದೋ ಮೈಗೆ ಒಗ್ಗದೆ ಕಾಯಿಲೆ ಬಿದ್ದಿದ್ದಾನೆ ಎಂದು. ಕೆಟ್ಟ ಆಹಾರದ ಮೇಲೆ ಅವರ ಗುಮಾನಿ. ಇಂಗ್ಲಿಷಿನಲ್ಲಿ ಅದೇ ಕುಲದ ಪದಕ್ಕೆ ಅಮಲೇರಿದವನು ಎಂಬ ಅರ್ಥ. ವೈದ್ಯರು ಹುಡುಗ ಮಾದಕ ವಸ್ತು ಹೆಚ್ಚು ಸೇವಿಸಿದ್ದಾನೆಂದು ತಿಳಿದು ಅದಕ್ಕೇ ಚಿಕಿತ್ಸೆ ಕೊಟ್ಟರು. ಅವನಿಗೆ ಆಗಿದ್ದದ್ದು ಮೆದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು, ಕೈಕಾಲುಗಳ ಸ್ವಾಧೀನ ಹೋಗಿತ್ತು. ಮುಂದೆ ನಡೆದ ರಾಜಿಯಲ್ಲಿ ಜೀವನಪೂರ್ತಿ ಪರಿಹಾರವಾಗಿ ಸುಮಾರು 7 ಕೋಟಿ 10 ಲಕ್ಷ ಡಾಲರು ಕೊಡುವುದೆಂದಾಯಿತು.

ಅಂದು ದುಭಾಷಿಯನ್ನು ಯಾರೂ ಕರೆಯಲಿಲ್ಲ. ಕರೆಯಬೇಕೆಂದು ಅನಿಸಲೂ ಇಲ್ಲ. ಏಕೆಂದರೆ ಎರಡೂ ಕಡೆಯವರಿಗೆ ಮಾತು ಅರ್ಥವಾಗಿದೆ ಎಂಬ ನಂಬಿಕೆ ಇತ್ತು. ಪದ ಪೂರ್ತಿ ಅಪರಿಚಿತವಾಗಿದ್ದರೆ ಯಾರಾದರೂ "ಹಾಗೆಂದರೇನು?" ಎಂದು ಕೇಳುತ್ತಿದ್ದರು. ಪರಿಚಿತ ಮುಖ ಹೊತ್ತು ಬಂದ ಪದ ಎಲ್ಲರನ್ನೂ ಮೋಸಗೊಳಿಸಿತು. ದೂರದ ಭಾಷೆಗಳಿಗಿಂತ ನೆರೆಯ ಭಾಷೆಗಳ ನಡುವೆ ಅಪಾಯ ಹೆಚ್ಚು ಎಂಬ ಈ ಪಾಠ ನಮಗೂ ಸಲ್ಲುತ್ತದೆ.

'ಅಂತೆ' ಇಲ್ಲದ ಮಾತು

ಹಾಗಾದರೆ ಅಲ್ಲಿ ಕಲಿಸುವುದಾದರೂ ಏನು? ಎರಡು ಭಾಷೆ ಬಲ್ಲವರೇ ವಿದ್ಯಾರ್ಥಿಗಳು. ಹಾಗಾಗಿ ತರಗತಿ ಶುರುವಾಗುವುದು ಭಾಷೆ ಬಂದ ಮೇಲಿನ ಹೆಜ್ಜೆಯಿಂದ. ಬರಹದ ಅನುವಾದ ಬೇರೆ, ಬಾಯಿಮಾತಿನ ದುಭಾಷಿತನ ಬೇರೆ ಎಂದು ಮೊದಲ ದಿನವೇ ಹೇಳುತ್ತಾರೆ. ಒಬ್ಬರು ಮಾತು ನಿಲ್ಲಿಸಿದ ಮೇಲೆ ಹೇಳುವುದು, ಅವರು ಮಾತಾಡುತ್ತಿರುವಾಗಲೇ ಹೇಳುವುದು, ಕೈಗೆ ಕೊಟ್ಟ ಕಾಗದವನ್ನು ಕಣ್ಣಾಡಿಸುತ್ತಲೇ ಬೇರೆ ಭಾಷೆಯಲ್ಲಿ ಓದುವುದು, ಈ ಮೂರನ್ನೂ ಬೇರೆ ಬೇರೆಯಾಗಿ ಅಭ್ಯಾಸ ಮಾಡಿಸುತ್ತಾರೆ. ಉದ್ದನೆಯ ಮಾತನ್ನು ನೆನಪಿಡಲು ಚಿಹ್ನೆಗಳಲ್ಲಿ ಟಿಪ್ಪಣಿ ಹಾಕಿಕೊಳ್ಳಬೇಕು. ದೇಹದ ಅಂಗಗಳು, ರೋಗಗಳು, ಕೋರ್ಟಿನ ಪದಗಳು, ಇವುಗಳ ಪಟ್ಟಿಯನ್ನು ಪ್ರತಿಯೊಬ್ಬರೂ ತಾವೇ ತಯಾರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನಡವಳಿಕೆಯ ಪಾಠ. ಆರೋಗ್ಯ ಕ್ಷೇತ್ರದ ದುಭಾಷಿಗಳ ರಾಷ್ಟ್ರೀಯ ಮಂಡಳಿಯೊಂದು 2004ರಲ್ಲಿ ಅಲ್ಲಿ ನೀತಿ ಸಂಹಿತೆಯನ್ನು ಪ್ರಕಟಿಸಿತು. ಕೇಳಿದ್ದನ್ನು ಹೊರಗೆ ಹೇಳಬಾರದು, ಕೂಡಿಸಬಾರದು, ಕಳೆಯಬಾರದು, ಒಂದು ಪಕ್ಷ ವಹಿಸಬಾರದು, ಪದ ತಿಳಿಯದಿದ್ದರೆ ಬಾಯಿಬಿಟ್ಟು ಕೇಳಬೇಕು. ಇದರ ಜೊತೆಗೆ ಒಂದು ಸಣ್ಣ ನಿಯಮ ಇದೆ, ನಮಗೆ ತುಂಬ ಹಿಡಿಸಿದ್ದು. ದುಭಾಷಿ ರೋಗಿಯ ಮಾತನ್ನು 'ನಾನು' ಎಂದೇ ಹೇಳಬೇಕು. "ಅವರಿಗೆ ಹೊಟ್ಟೆ ನೋವಂತೆ" ಅನ್ನಬಾರದು, "ನನಗೆ ಹೊಟ್ಟೆ ನೋವು" ಅನ್ನಬೇಕು.

ಕನ್ನಡದ ಆ 'ಅಂತೆ' ಎಷ್ಟು ಅನುಕೂಲಸ್ಥ ಪ್ರತ್ಯಯ! ಅದನ್ನು ಹಚ್ಚಿದ ಕೂಡಲೇ ಮಾತಿನ ಹೊಣೆ ನಮ್ಮ ಹೆಗಲಿನಿಂದ ಇಳಿದುಬಿಡುತ್ತದೆ. ನೋವು ಸುದ್ದಿಯಾಗುತ್ತದೆ, ಕೆಲವೊಮ್ಮೆ ಗುಮಾನಿಯೂ ಆಗುತ್ತದೆ. 'ಅಂತೆ'ಯನ್ನು ಕಿತ್ತುಹಾಕಿದಾಗ ವೈದ್ಯರು ದುಭಾಷಿಯ ಕಡೆ ನೋಡುವುದನ್ನು ಬಿಟ್ಟು ರೋಗಿಯ ಕಡೆ ನೋಡುತ್ತಾರೆ. ಕತೆ ಬರೆಯುವ ನಮಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಪಾತ್ರದ ಬಾಯಲ್ಲಿ ಪಾತ್ರದ ಮಾತನ್ನೇ ಇಡುವುದಕ್ಕೂ ಪಾತ್ರದ ಬಗ್ಗೆ ವರದಿ ಒಪ್ಪಿಸುವುದಕ್ಕೂ ಇರುವ ಅಂತರ ಇದೇ. ಸಾಹಿತ್ಯದ ತರಗತಿಯಲ್ಲಿ ಪುಟಗಟ್ಟಲೆ ವಿವರಿಸುವ ತತ್ವವನ್ನು ಆ ಸಂಜೆ ಕಾಲೇಜು ಒಂದು ಸರ್ವನಾಮದಲ್ಲಿ ಕಲಿಸಿಬಿಡುತ್ತದೆ.

ಆ ಮಾದರಿಯ ಮಿತಿ

ಇಷ್ಟಾದರೂ ಆ ಮಾದರಿಯನ್ನು ತಲೆ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಅಲ್ಲಿ ತರಗತಿ ಮಾರುಕಟ್ಟೆಯ ಹಿಂದೆ ನಡೆಯುತ್ತದೆ. ಸ್ಪ್ಯಾನಿಷ್‌ಗೆ ಕೆಲಸ ಇದೆ, ಆದ್ದರಿಂದ ಕೋರ್ಸು ಇದೆ. ಕೇಂದ್ರ ನ್ಯಾಯಾಲಯಗಳ ದುಭಾಷಿ ಅರ್ಹತಾ ಪರೀಕ್ಷೆ ಒಂದು ಕಾಲದಲ್ಲಿ ನವಾಹೋ ಮತ್ತು ಹೈಟಿಯ ಕ್ರಿಯೋಲ್ ಭಾಷೆಗಳಿಗೂ ಇತ್ತು. ಈಗ ಉಳಿದಿರುವುದು ಸ್ಪ್ಯಾನಿಷ್‌ಗೆ ಮಾತ್ರ. ನವಾಹೋ ಆ ನೆಲದ ಮೂಲನಿವಾಸಿಗಳ ಭಾಷೆ ಎಂಬುದನ್ನು ನೆನೆದರೆ ಇದರ ವಿಪರ್ಯಾಸ ತಿಳಿಯುತ್ತದೆ. ಆಸ್ಪತ್ರೆ ದುಭಾಷಿಗಳ ರಾಷ್ಟ್ರೀಯ ಪರೀಕ್ಷೆಗಳೂ ಸ್ಪ್ಯಾನಿಷ್, ಚೀನೀ, ಅರಬ್ಬಿ, ರಷ್ಯನ್ ಮುಂತಾದ ಕೆಲವೇ ಭಾಷೆಗಳಲ್ಲಿವೆ. ಉರ್ದು ಅಥವಾ ಕನ್ನಡದ ದುಭಾಷಿ ಅಲ್ಲಿ ಪರೀಕ್ಷೆ ಬರೆಯಬಹುದು, ಆದರೆ ಇಂಗ್ಲಿಷಿನಲ್ಲಿ! ಅವನ ಉರ್ದುವನ್ನೋ ಕನ್ನಡವನ್ನೋ ಯಾರೂ ಅಳೆದು ನೋಡುವುದಿಲ್ಲ.

ಎರಡನೆಯದಾಗಿ, ಹಕ್ಕಿನ ಮೇಲೆ ನಿಂತ ತರಗತಿ ಹಕ್ಕು ಅಲುಗಿದಾಗ ತಾನೂ ಅಲುಗುತ್ತದೆ. ಇಂಗ್ಲಿಷ್ ಬಾರದವರಿಗೂ ಸರಕಾರಿ ಸೇವೆ ಅರ್ಥವಾಗುವಂತೆ ತಲುಪಬೇಕೆಂದು 2000ದ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ್ದ ಆದೇಶವನ್ನು ಅಧ್ಯಕ್ಷ ಟ್ರಂಪ್ 2025ರ ಮಾರ್ಚ್ 1ರಂದು ರದ್ದು ಮಾಡಿ, ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರಿದರು. 1964ರ ಕಾಯ್ದೆ ಹೋಗಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ.

ಮೂರನೆಯ ಮಿತಿ ತರಗತಿಯ ಒಳಗಿನದು. ನೌಕರಿಗೆ ಬೇಕಾದಷ್ಟು ಮಾತ್ರ ಕಲಿತವರು ಆಪರೇಷನ್‌ಗೆ ಮುನ್ನ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವನ್ನು ಚೆನ್ನಾಗಿ ಅನುವಾದಿಸಬಲ್ಲರು. ತಮ್ಮ ಭಾಷೆಯ ಒಂದು ಗಾದೆ ಎದುರಾದರೆ ತಡವರಿಸುತ್ತಾರೆ. ರೋಗಿಗಳೋ, ಗಾದೆಗಳಲ್ಲೇ ಮಾತಾಡುವವರು!

ನಮ್ಮ ಮನೆಯ ದುಭಾಷಿಗಳು

ಈಗ ನಮ್ಮ ಕಡೆ ತಿರುಗೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಉರ್ದುವನ್ನು ಮಾತೃಭಾಷೆಯೆಂದು ಬರೆಸಿದವರು ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಕನ್ನಡದ ನಂತರದ ಸ್ಥಾನ ಅದರದೇ. ಮನೆಯಲ್ಲಿ ದಖನಿ, ಪ್ರಾಥಮಿಕ ಶಾಲೆಯಲ್ಲಿ ಉರ್ದು, ಹೈಸ್ಕೂಲಿನಲ್ಲಿ ಕನ್ನಡ ಎಂಬ ದಾರಿಯಲ್ಲಿ ನಡೆದು ಬಂದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಎಂಟು ವರ್ಷ ತುಂಬುವ ಮೊದಲೇ ಅಮ್ಮಿಯ ಜೊತೆ ಸರಕಾರಿ ಆಸ್ಪತ್ರೆಗೆ, ದಾದಿಯ ಜೊತೆ ಪಿಂಚಣಿ ಕಚೇರಿಗೆ ಹೋಗಿ ಇವರು ತರ್ಜುಮೆ ಮಾಡಿರುತ್ತಾರೆ. ಇದನ್ನು ವಿದ್ಯೆ ಎಂದು ಕರೆದವರು ಯಾರೂ ಇಲ್ಲ.

ನಮ್ಮ ದಖನಿ ಕನ್ನಡಕ್ಕೆ ಎಷ್ಟು ಹತ್ತಿರ ಎಂದರೆ, ಲಖನೌದ ಉರ್ದು "ಉಸ್ನೆ ಕಹಾ ಕಿ..." ಎಂದು ಶುರು ಮಾಡುವಲ್ಲಿ ನಾವು "ಆತೂಂ ಬೋಲ್ಕೆ ಬೋಲ್ಯಾ" ಎನ್ನುತ್ತೇವೆ. "ಬರ್ತೀನಿ ಅಂತ ಹೇಳಿದ" ಎಂಬ ಕನ್ನಡ ವಾಕ್ಯದ ಅಚ್ಚಿಗೆ ಉರ್ದು ಪದಗಳನ್ನು ಸುರಿದಂತೆ! ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಒಂದೇ ವಾಕ್ಯರಚನೆಗೆ ಬಂದು ನಿಂತಿರುವುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲೇ ಬರೆದು ಭಾಷಾವಿಜ್ಞಾನದ ಜಗತ್ತಿನಲ್ಲಿ ಆ ಊರನ್ನು ಪ್ರಸಿದ್ಧಗೊಳಿಸಿದರು. ಪದಕ್ಕೆ ಪದ ಬದಲಿಸಿದರೆ ಸಾಕು, ವಾಕ್ಯ ತಾನಾಗಿ ಬರುತ್ತದೆ.

ಅಪಾಯ ಇರುವುದೂ ಇಲ್ಲಿಯೇ. ವಾಕ್ಯ ಸಲೀಸಾಗಿ ದಾಟುವುದರಿಂದ ಪದವೂ ದಾಟಿತು ಎಂದುಕೊಳ್ಳುತ್ತೇವೆ. ತಾಯಿ "ಜೀ ಘಬ್ರಾರಾ" ಅನ್ನುತ್ತಾಳೆ. ಮಗು ಡಾಕ್ಟರಿಗೆ "ಗಾಬರಿ ಆಗ್ತಿದೆಯಂತೆ" ಅನ್ನುತ್ತದೆ. ಎರಡೂ ಒಂದೇ ಬೇರಿನ ಪದಗಳು. ಆದರೆ ಕನ್ನಡದ ಗಾಬರಿ ಮನಸ್ಸಿನ ಭಯ; ತಾಯಿ ಹೇಳಿದ್ದು ಎದೆಯೊಳಗಿನ ಸಂಕಟ, ತಳಮಳ. ಅದು ಹೃದಯದ ತೊಂದರೆಯ ಸೂಚನೆಯೂ ಇರಬಹುದು. ಧೈರ್ಯ ಹೇಳಿ ಮನೆಗೆ ಕಳಿಸಿದರೆ ತಪ್ಪು ಯಾರದು? ಫ್ಲಾರಿಡಾದ ಆ ಪದ ನಮ್ಮ ತಾಲೂಕು ಆಸ್ಪತ್ರೆಯಲ್ಲೂ ಬೇರೆ ವೇಷದಲ್ಲಿ ಓಡಾಡುತ್ತಿದೆ.

ಕೋರ್ಟು ಕಚೇರಿಗಳಲ್ಲಂತೂ ಇಂಥವು ಹೆಜ್ಜೆ ಹೆಜ್ಜೆಗೂ ಇವೆ. ಉರ್ದುವಿನಲ್ಲಿ 'ರಾಜೀನಾಮಾ' ಎಂದರೆ ಎರಡು ಪಕ್ಷಗಳು ರಾಜಿಯಾದ ಪತ್ರ. ಮುಂಬೈ ಪ್ರಾಂತ ಮತ್ತು ಮೈಸೂರಿನ ಕಂದಾಯ ದಾಖಲೆಗಳಲ್ಲಿ ರೈತ ಜಮೀನಿನ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಆ ಹೆಸರಾಯಿತು. ಇಂದಿನ ಕನ್ನಡದಲ್ಲಿ ರಾಜೀನಾಮೆ ಎಂದರೆ ಹುದ್ದೆ ಬಿಡುವುದು. ಅದಕ್ಕೆ ಉರ್ದುವಿನಲ್ಲಿ 'ಇಸ್ತೀಫಾ'. ಕನ್ನಡದ 'ಜಾಮೀನು' ಬಿಡುಗಡೆ. ಉರ್ದುವಿನ 'ಜಾಮಿನ್' ಆ ಬಿಡುಗಡೆಗೆ ಹೊಣೆ ನಿಲ್ಲುವ ಮನುಷ್ಯ. ಕನ್ನಡದ 'ಹಂಗಾಮಿ' ತಾತ್ಕಾಲಿಕ. ಉರ್ದುವಿನ 'ಹಂಗಾಮಿ' ತುರ್ತು. ಪಹಣಿಯ 'ಖರಾಬು' ಸಾಗುವಳಿಗೆ ಬಾರದ ನೆಲ. ಅಡುಗೆಮನೆಯ 'ಖರಾಬ್' ಬೇರೆ. ತರ್ಜುಮೆ ಎಂಬ ಪದವೇ ಅರಬ್ಬಿಯಿಂದ ಫಾರ್ಸಿ, ಉರ್ದುಗಳ ಮೂಲಕ ಕನ್ನಡಕ್ಕೆ ಬಂದು ನೆಲೆಸಿದ ಅತಿಥಿ. ಇವುಗಳ ಪಟ್ಟಿ ಮಾಡಿ, ಉದಾಹರಣೆ ಕೊಟ್ಟು, ತರಗತಿಯಲ್ಲಿ ಕಲಿಸಬೇಡವೇ?

ಕಲಬುರಗಿ, ಬೀದರ್, ರಾಯಚೂರುಗಳಲ್ಲಿ ಇದು ಆಸ್ತಿಯ ಪ್ರಶ್ನೆಯೂ ಹೌದು. ಈ ಜಿಲ್ಲೆಗಳು ನಿಜಾಮರ ಆಡಳಿತದಲ್ಲಿದ್ದಾಗಿನ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ಅನೇಕ ಕಾಗದಗಳು ಶಿಕಸ್ತಾ ಎಂಬ ಮುರುಕು ಬರವಣಿಗೆಯಲ್ಲಿವೆ. ಅಚ್ಚಿನ ಉರ್ದುವನ್ನು ಸರಾಗವಾಗಿ ಓದುವವರೂ ಅಲ್ಲಿ ಮುಗ್ಗರಿಸುತ್ತಾರೆ. ಜಮೀನಿನ ವ್ಯಾಜ್ಯ ಎದ್ದಾಗ ಹಿಂದೂ ರೈತನೂ ಮುಸ್ಲಿಂ ರೈತನೂ ಅದನ್ನು ಓದಬಲ್ಲ ಹಿರಿಯರ ಮನೆ ಬಾಗಿಲಿಗೆ ಹೋಗಬೇಕು. ಆ ಹಿರಿಯರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದಾರೆ.

ಅದೇ ಹೈದರಾಬಾದ್ ಸಂಸ್ಥಾನದಲ್ಲಿ 1917ರಲ್ಲಿ 'ದಾರುಲ್ ತರ್ಜುಮಾ' ಎಂಬ ಅನುವಾದ ಸಂಸ್ಥೆ ಸ್ಥಾಪನೆಯಾಗಿತ್ತು. ಮರುವರ್ಷ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ಕಾನೂನು, ವೈದ್ಯಕೀಯವನ್ನು ಉರ್ದುವಿನಲ್ಲೇ ಕಲಿಸಲು ಅದು ನೂರಾರು ಪುಸ್ತಕಗಳನ್ನು ಅನುವಾದಿಸಿತು. ದೊಡ್ಡ ಸಾಧನೆ. ಆದರೆ ಅದು ಪಂಡಿತರನ್ನು ಕೂಡಿಸಿ ಪಂಡಿತರಿಗಾಗಿ ನಡೆಸಿದ ಕೆಲಸ. ಅರಬ್ಬಿ-ಫಾರ್ಸಿ ಧಾತುಗಳಿಂದ ಕಡೆದ ಪಾರಿಭಾಷಿಕ ಪದಗಳು ಬೀದರಿನ ಸಂತೆಯ ದಖನಿಯಿಂದ ಬಹು ದೂರ ಇದ್ದವು. ಇಂದಿನ ಕನ್ನಡ ಸುತ್ತೋಲೆಗಳ ಸಂಸ್ಕೃತ ಪದಗಳು ರೈತನ ಕನ್ನಡದಿಂದ ಇರುವಷ್ಟೇ ದೂರ.

ಎಂಥ ತರಗತಿ ಬೇಕು?

ನಮ್ಮಲ್ಲಿ ಅನುವಾದ ಶಿಕ್ಷಣವೇ ಇಲ್ಲವೆಂದು ಇದರರ್ಥವಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನ ನಡೆದಿದೆ. 1998ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದಲ್ಲಿ ಅನುವಾದ ವಿಭಾಗ ಇದೆ. ಮೈಸೂರಿನಲ್ಲಿ 2008ರಿಂದ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಆದರೆ ಇಂಥ ವ್ಯವಸ್ಥೆಯ ಬಹುಪಾಲು ಪದವಿ ಮುಗಿಸಿದವರಿಗೆ, ಮತ್ತು ಒಂದು ತುದಿಯಲ್ಲಿ ಇಂಗ್ಲಿಷ್ ಇಟ್ಟುಕೊಂಡವರಿಗೆ. ನೈಡಾ, ಕ್ಯಾಟ್‌ಫರ್ಡ್ ಅವರ ಸಿದ್ಧಾಂತಗಳನ್ನು ಬಾಯಿಪಾಠ ಮಾಡಿ 'ಅನುವಾದದ ಪ್ರಕಾರಗಳನ್ನು ವಿವರಿಸಿ' ಎಂಬಂಥ ಪ್ರಶ್ನೆಗೆ ಹತ್ತು ಅಂಕ ಗಳಿಸಿದವನು ಮೇಲೆ ಹೇಳಿದ 'ಘಬ್ರಾನಾ'ದ ಮುಂದೆ ಏನು ಮಾಡುತ್ತಾನೆ? ಉರ್ದುವಿನಿಂದ ಕನ್ನಡಕ್ಕೆ ಬರಬೇಕಾದವನು ಇಂಗ್ಲಿಷಿನ ಟೋಲ್ ಗೇಟಿನಲ್ಲಿ ಸುಂಕ ಏಕೆ ಕಟ್ಟಬೇಕು?

ಸಮುದಾಯ ಕಾಲೇಜು ಎಂಬ ಕಲ್ಪನೆ ನಮಗೆ ಹೊಸದೂ ಅಲ್ಲ. 1995ರಲ್ಲೇ ಪಾಂಡಿಚೇರಿಯಲ್ಲಿ ಅಂಥದೊಂದು ಆರಂಭವಾಯಿತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಯುಜಿಸಿ ಇರುವ ಕಾಲೇಜುಗಳೊಳಗೇ ಇವನ್ನು ನಡೆಸುವ ಯೋಜನೆ ತಂದಿತು. ಕಟ್ಟಡ ಇದೆ, ಹೆಸರು ಇದೆ. ಕಲಬುರಗಿ, ವಿಜಯಪುರ, ಹುಬ್ಬಳ್ಳಿಯಂಥ ಊರಿನ ಒಂದು ಕಾಲೇಜಿನಲ್ಲಿ ಒಂದು ವರ್ಷದ ಸಂಜೆ ತರಗತಿ ಸಾಕು. ಮೊದಲ ಭಾಗದಲ್ಲಿ ಆಸ್ಪತ್ರೆಯ ಮಾತು, ಎರಡನೆಯದರಲ್ಲಿ ಕೋರ್ಟು ಕಂದಾಯದ ಕಾಗದ, ಶಿಕಸ್ತಾ ಓದುವ ಅಭ್ಯಾಸವೂ ಸೇರಿ. ಮೂರನೆಯದರಲ್ಲಿ ಕತೆ, ಗಾದೆ, ಹಾಡು. ಈ ಮೂರನೆಯದನ್ನು ಅಲಂಕಾರಕ್ಕೆಂದು ಹೇಳುತ್ತಿಲ್ಲ. ಮನೆಮಾತಿನ ಸೊಲ್ಲನ್ನು ಕನ್ನಡದ ಕತೆಗೆ ತರುವಾಗ ಮುಸ್ಲಿಂ ಲೇಖಕರು ದಿನವೂ ಮಾಡುವ ತೂಕ, ಆಸ್ಪತ್ರೆಯ ದುಭಾಷಿಗೂ ಬೇಕಾದ ತೂಕವೇ.

ಯಂತ್ರ ಇದೆಯಲ್ಲ ಎನ್ನುವವರಿದ್ದಾರೆ. ತೀರ್ಪುಗಳ ಅನುವಾದಕ್ಕೆ ಸುಪ್ರೀಂ ಕೋರ್ಟು 2019ರಲ್ಲಿ ಸುವಾಸ್ ಎಂಬ ತಂತ್ರಾಂಶ ತಂದಿತು. ಮೊಬೈಲುಗಳೂ ಮಾತು ತಿರುಗಿಸುತ್ತವೆ. ಬಳಸೋಣ. ಆದರೆ ಯಂತ್ರ ಕೊಟ್ಟದ್ದು ಸರಿಯೇ ಎಂದು ನೋಡಲು ಎರಡೂ ಭಾಷೆ ಬಲ್ಲ, ತಪ್ಪಾದರೆ ಉತ್ತರ ಹೇಳಬಲ್ಲ ಒಬ್ಬ ಮನುಷ್ಯ ಬೇಕು. ಸಾಕ್ಷ್ಯ ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಆ ಮಾತನ್ನು ಉಳಿಸಿಕೊಂಡಿದೆ. ನಿಯಮ ಇದೆ. ಅದನ್ನು ನಿಭಾಯಿಸುವವರನ್ನು ತಯಾರು ಮಾಡುವ ಬೆಂಚು ಇಲ್ಲ.

ಅಂಥ ತರಗತಿ ಶುರುವಾದರೆ ಪ್ರವೇಶದ ಮೊದಲ ಅರ್ಜಿ, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕುಳಿತಿರುವ ನಮ್ಮ ಹೆಣ್ಣುಮಗಳೊಬ್ಬಳದಾಗಲಿ. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೆ ಹತ್ತು ವರ್ಷಗಳಿಂದ ಗಲ್ಲಿಯ ಅರ್ಧ ಹೆಂಗಸರ ಕಾಯಿಲೆ ಕಷ್ಟಗಳನ್ನು ಡಾಕ್ಟರಿಗೆ ತಲುಪಿಸಿದವಳು ಅವಳೇ. ಅರ್ಜಿಯಲ್ಲಿ 'ಪೂರ್ವಾನುಭವ' ಎಂಬ ಜಾಗ ಇರುತ್ತದಲ್ಲ, ಅಲ್ಲಿ ಇದನ್ನೇ ಬರೆಯಲು ಅವಳಿಗೆ ಹೇಳಬೇಕು.